ಅಜ್ಜನನ್ನು ಎಣಿಸಿದ ಹಾಳೆ

ನನ್ನ ಫೋನಿನಲ್ಲಿ ಈಗ ಮಗಳ ಫೋಟೋಗಳಿಗಿಂತ ಅಮೆರಿಕದ ಹಳೆಯ ಜನಗಣತಿಯ ಹಾಳೆಗಳೇ ಹೆಚ್ಚು. ಮೊನ್ನೆ ಇಲ್ಲಿ ಕುವೈತಿನ ಫಹಾಹೀಲಿನ ಮೀನು ಮಾರುಕಟ್ಟೆಯಲ್ಲಿ ನಿಂತು, ಮಾಂಜಿ ತರಲೋ ಅಂಜಲ್ ತರಲೋ ಎಂದು ಹೆಂಡತಿಗೆ ಫೋಟೋ ತೆಗೆದು ಕಳಿಸೋಣವೆಂದರೆ ಫೋನು ಜಾಗವಿಲ್ಲ ಎಂದು ಹಟ ಹಿಡಿಯಿತು. ಕರೆ ಮಾಡಿ ಕೇಳಬಹುದಿತ್ತು, ಹೊಳೆಯಲಿಲ್ಲ. ಬರಿಗೈಯಲ್ಲಿ ಮನೆಗೆ ಹೋದೆ. ನನ್ನ ಹೆಂಡತಿ ಐರಿನ್ ಇಲ್ಲಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಮಾತು ಕಡಿಮೆ, ಆಡಿದರೆ ನಾಟುತ್ತದೆ. ಸತ್ತವರನ್ನೆಲ್ಲ ಒಳಗೆ ತುಂಬಿಕೊಂಡು ಕೂತರೆ ಬದುಕಿದವರ ಊಟಕ್ಕೆ ಜಾಗ ಎಲ್ಲಿಂದ ಬರಬೇಕು ಎಂದು ಕೇಳಿದಳು. ಆ ದಿನ ಮೊಟ್ಟೆ ಸಾರು ತಿಂದೆವು.

ಅಳಿಸಿಬಿಡಬಹುದಲ್ಲ ಎಂದು ನೀವೂ ಹೇಳುತ್ತೀರಿ. ಆಗುವುದಿಲ್ಲ ಸ್ವಾಮಿ. ನಾನು ಒಂದು ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಹುದ್ದೆಯ ಹೆಸರು ಕೇಳಿ ದೊಡ್ಡದೇನೋ ಎಂದುಕೊಳ್ಳಬೇಡಿ. ಎಂಜಿನಿಯರುಗಳು ಬರೆದ ನಕ್ಷೆಗಳಿಗೆ ನಂಬರು ಹಾಕಿ ಜೋಪಾನ ಮಾಡುವುದು, ಅವರೇ ಕಳೆದುಕೊಂಡಾಗ ಹುಡುಕಿಕೊಟ್ಟು ಅವರಿಂದಲೇ ಬೈಸಿಕೊಳ್ಳುವುದು, ಇಷ್ಟೇ ಕೆಲಸ. ಇದನ್ನು ಇಪ್ಪತ್ತು ವರ್ಷ ಮಾಡಿದವನಿಗೆ ಒಂದು ಕಾಗದವನ್ನು ಅಳಿಸು ಎಂದರೆ ಕೈ ಬರುವುದಿಲ್ಲ. ಜನಗಣತಿಯ ಚಿತ್ರ ಸಿಕ್ಕಿದರೆ ಅದರ ಸ್ಕ್ರೀನ್‌ಶಾಟ್ ತೆಗೆಯಬಾರದು, ಅಕ್ಷರ ಮಸುಕಾಗುತ್ತದೆ. ಡೌನ್‌ಲೋಡ್ ಗುಂಡಿ ಒತ್ತಿ ಪೂರ್ತಿ ಹಾಳೆಯನ್ನೇ ಇಳಿಸಬೇಕು. ಬೇಕಾದ ಸಾಲನ್ನು ಮಾತ್ರ ಕತ್ತರಿಸಿ ಇಟ್ಟುಕೊಳ್ಳಬಾರದು, ಪಕ್ಕದ ಮನೆಯವರು ಯಾರೆಂಬುದೂ ಮುಂದೆ ಬೇಕಾಗುತ್ತದೆ. ಊರು, ಬೀದಿ, ಹಾಳೆಯ ಸಂಖ್ಯೆ, ಸಾಲಿನ ಸಂಖ್ಯೆ, ಎಲ್ಲ ಫೈಲಿನ ಹೆಸರಿನಲ್ಲೇ ಇರಬೇಕು. ಈ ನಿಯಮಗಳನ್ನು ನನಗೆ ನಾನೇ ಮಾಡಿಕೊಂಡೆ, ಅದರಲ್ಲಿ ಒಂದನ್ನು ನಾನೇ ಮುರಿದೆ. ಆ ಕಥೆಗೆ ಬರುತ್ತೇನೆ, ತಡೆಯಿರಿ.

ನನ್ನ ಅಮ್ಮನ ಅಪ್ಪ ಪಾಸ್ಕಲ್ ಡಿಸೋಜ ಹಡಗಿನಲ್ಲಿ ಅಡುಗೆಯವರಾಗಿದ್ದರು. ಬಜ್ಪೆಯ ಹತ್ತಿರದ ನಮ್ಮ ಹಳ್ಳಿಯಿಂದ ಬೊಂಬಾಯಿಗೆ, ಬೊಂಬಾಯಿಯಿಂದ ಹಡಗಿಗೆ. ಅಮ್ಮನಿಗೆ ಆಗ ಮೂರು ವರ್ಷ. ಅವರಿಂದ ಒಂದು ಫೋಟೋ ಬಂತು. ಕೋಟು, ಟೋಪಿ, ಕೈಯಲ್ಲೊಂದು ಕೊಡೆ. ಫೋಟೋದ ಕೆಳಗೆ ಸ್ಟುಡಿಯೋದ ಹೆಸರು, ಅಮೆರಿಕದ ಬಾಲ್ಟಿಮೋರ್ ಎಂಬ ಊರಿನ ಹೆಸರು. ಅಷ್ಟೇ. ಆಮೇಲೆ ಒಂದು ಅಕ್ಷರ ಬರಲಿಲ್ಲ. ಹಡಗು ಮುಳುಗಿರಬೇಕು ಎಂದು ಅಜ್ಜಿ ನಿರ್ಧರಿಸಿದರು. ಆದರೆ ಹಡಗು ಮುಳುಗಿದ ಸುದ್ದಿಯೂ ಬರಲಿಲ್ಲವಲ್ಲ. ಹಾಗಾಗಿ ಕರಿಮಣಿ ತೆಗೆಯಲಿಲ್ಲ. ಅದನ್ನು ಹಾಕಿಕೊಂಡೇ ಮುದುಕಿಯಾಗಿ, ಹಾಕಿಕೊಂಡೇ ಸತ್ತರು.

ನಮ್ಮಂಥ ಕ್ರೈಸ್ತರ ಮನೆಗಳಲ್ಲಿ ಸಂಜೆಯಾದರೆ ತೇರ್ಸ್. ಜಪಮಾಲೆ ಹಿಡಿದು ಎಲ್ಲರೂ ಮೊಣಕಾಲೂರಿ ಕೂರಬೇಕು. ನಾನು ಚಿಕ್ಕವನಿದ್ದಾಗ ಅಡುಗೆಮನೆಯಿಂದ ಒಣಮೀನು ಸುಟ್ಟ ವಾಸನೆ, ಹಿಂದಿನಿಂದ ಸೊಳ್ಳೆ, ಮುಂದೆ ದೇವರು. ಇವುಗಳ ನಡುವೆ ಭಕ್ತಿ ಎಲ್ಲಿಂದ ಬರಬೇಕು? ತೂಕಡಿಸಿದರೆ ಅಜ್ಜಿ ಪ್ರಾರ್ಥನೆ ನಿಲ್ಲಿಸದೆಯೇ ತೊಡೆಗೆ ಚಿವುಟುತ್ತಿದ್ದರು. ಕೊನೆಗೆ ಹೆಸರು ಹೇಳುವ ಸರದಿ. ಪ್ರಯಾಣದಲ್ಲಿರುವವರಿಗೆ ಒಂದು ಪ್ರಾರ್ಥನೆ, ಆಮೇಲೆ ಸತ್ತವರಿಗೆ ಒಂದು. ಅಜ್ಜನ ಹೆಸರು ಯಾವತ್ತೂ ಪ್ರಯಾಣದವರ ಕಡೆ. ನಾನು ಬಹಳ ವರ್ಷ ನನ್ನ ಅಜ್ಜ ಹಡಗಿನಲ್ಲಿ ಲೋಕವನ್ನು ಸುತ್ತುತ್ತಲೇ ಇದ್ದಾರೆ, ಇಳಿಯುವ ಜಾಗ ಸಿಗುತ್ತಿಲ್ಲ ಎಂದೇ ನಂಬಿದ್ದೆ. ಅವರಿಗೆ ರಜೆ ಇಲ್ಲವಾ ಎಂದು ಒಮ್ಮೆ ಕೇಳಿ, ಅದಕ್ಕೂ ಚಿವುಟಿಸಿಕೊಂಡಿದ್ದೆ.

ಈಗ ಲೆಕ್ಕ ಹಾಕಿದರೆ ಆ ಅಜ್ಜನಿಗೆ ನೂರು ದಾಟಿ ಎಷ್ಟೋ ವರ್ಷವಾಗಿದೆ. ಆದರೂ ಅವರ ಹೆಸರನ್ನು ಸತ್ತವರ ಕಡೆಗೆ ದಾಟಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಬಂದಿಲ್ಲ. ಸುದ್ದಿ ಇಲ್ಲದೆ ಒಬ್ಬರನ್ನು ಸತ್ತವರ ಸಾಲಿಗೆ ಸೇರಿಸುವುದು ನಮ್ಮಲ್ಲಿ ಮಹಾಪಾಪ. ಹೊರಗಿನವರಿಗೆ ಇದು ತಮಾಷೆಯಾಗಿ ಕಾಣಬಹುದು. ನಮಗೆ ಕಾಣಲಿಲ್ಲ.

ಕಳೆದ ಚಳಿಗಾಲದಲ್ಲಿ ಅಮ್ಮ ವಿಸಿಟ್ ವೀಸಾದ ಮೇಲೆ ನಮ್ಮಲ್ಲಿಗೆ ಬಂದಳು. ಮಂಗಳೂರಿನಲ್ಲಿ ಅಕ್ಕನ ಜೊತೆ ಇರುವವಳು. ಎಂಬತ್ತು ದಾಟಿದ್ದಾಳೆ; ಹೃದಯ ಬಲಹೀನ, ಈ ಸಲ ಹೋಗಿ ಬಂದ ಮೇಲೆ ಮತ್ತೆ ವಿಮಾನ ಹತ್ತಬಾರದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಕುವೈತ್ ಅವಳಿಗೆ ಹಿಡಿಸಲಿಲ್ಲ. ಕಿಟಕಿ ತೆರೆದರೆ ಧೂಳು, ಮುಚ್ಚಿದರೆ ಜೈಲು. ಮೊಮ್ಮಗಳ ಹತ್ತಿರ ಕೊಂಕಣಿಯಲ್ಲಿ ಹತ್ತು ಮಾತಾಡಿದರೆ ಅವಳು ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿ ಒಳಗೆ ಹೋಗುತ್ತಿದ್ದಳು. ಮನೆಯಲ್ಲಿ ನಮ್ಮದು ಕೊಂಕಣಿಯಾದರೂ ಅಮ್ಮ ಬಹಳ ವರ್ಷ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದವಳು. ಗಂಭೀರವಾದದ್ದೇನಾದರೂ ಇದ್ದರೆ ಕನ್ನಡಕ್ಕೆ ಹೊರಳುತ್ತಾಳೆ. ಅವಳು ಕನ್ನಡದಲ್ಲಿ ಮಾತು ಶುರುಮಾಡಿದರೆ ನಾನು ಈಗಲೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತೇನೆ.

ಇಲ್ಲಿನ ರಜಾದಿನವಾದ ಒಂದು ಶುಕ್ರವಾರ ಅಹ್ಮದಿಯ ಇಗರ್ಜಿಯಲ್ಲಿ, ಪಾದ್ರಿಗಳು ಅರ್ಪಿಸುವ ಪೂಜೆಗೆ ಹೆಸರು ಕೊಡುವ ಕಿಟಕಿಯ ಮುಂದೆ ಅವಳು ನಿಂತಳು. ಅಜ್ಜಿಯ ಹೆಸರು ಕೊಟ್ಟಳು. ಆಮೇಲೆ ತನ್ನ ಅಪ್ಪನ ಹೆಸರು ಹೇಳಿದಳು. ಒಳಗಿದ್ದವರು ಮಾಮೂಲಿನಂತೆ, ಬದುಕಿರುವವರೋ ತೀರಿಕೊಂಡವರೋ ಎಂದು ಕೇಳಿದರು. ಅಮ್ಮ ಕಿಟಕಿಯ ಅಂಚು ಹಿಡಿದು ನಿಂತಳು. ಹಿಂದೆ ಸಾಲಿನಲ್ಲಿದ್ದವರು ಕಾಲು ಬದಲಿಸಿದರು. ಕೊನೆಗೆ ಅದನ್ನು ಬಿಡಿ ಎಂದು ಹೇಳಿ ಹೊರಗೆ ಬಂದಳು. ಕಾರಿನಲ್ಲಿ ಕೂತ ಮೇಲೆ ಕನ್ನಡ ಶುರುವಾಯಿತು.

“ಸತ್ತಿದ್ದಾರೆ ಅಂತ ನನಗೂ ಗೊತ್ತುಂಟು ಪುತಾ. ನೂರು ದಾಟಿದವರು ಎಲ್ಲಿಂದ ಬರ್ತಾರೆ? ಆದ್ರೆ ನಮ್ಮನ್ನು ನೆನಪಿಟ್ಟುಕೊಂಡು ಸತ್ರಾ, ಮರೆತು ಸತ್ರಾ, ಅದು ಗೊತ್ತಾಗ್ಬೇಕು. ಮರೆತವರಿಗೆ ನಾನು ಯಾಕೆ ಪೂಜೆ ಇಡಿಸ್ಬೇಕು?”

ನಿನ್ನ ಆ ಫೋನಿನಲ್ಲಿ ಲೋಕವೆಲ್ಲ ಸಿಗುತ್ತದಂತಲ್ಲ, ವೀಸಾ ಮುಗಿಯುವುದರೊಳಗೆ ಹುಡುಕಿಕೊಡು ಎಂದಳು.

ಹೀಗೆ ನಾನು ಜನಗಣತಿಗೆ ಬಿದ್ದೆ. ನಮ್ಮ ದೇಶದಲ್ಲಿ ಮನೆಮನೆಗೆ ಹೋಗಿ ಬರೆದ ಹಾಳೆಗಳನ್ನು ಯಾರಿಗೂ ತೋರಿಸುವುದಿಲ್ಲ. ಒಟ್ಟು ಲೆಕ್ಕ ಮಾತ್ರ ಹೊರಗೆ ಬರುತ್ತದೆ. ಅಮೆರಿಕದವರು ಹಾಗಲ್ಲ. ಎಪ್ಪತ್ತು ಚಿಲ್ಲರೆ ವರ್ಷ ಗುಟ್ಟಾಗಿಟ್ಟು, ಆಮೇಲೆ ಕೈಬರಹದ ಹಾಳೆಗಳ ಚಿತ್ರಗಳನ್ನೇ ಪುಕ್ಕಟೆಯಾಗಿ ಅಂತರ್ಜಾಲಕ್ಕೆ ಬಿಡುತ್ತಾರೆ. ಹೆಸರು ಹಾಕಿ ಹುಡುಕಿದೆ. ಊರು ತುಂಬ ಡಿಸೋಜಗಳು, ಎಲ್ಲರೂ ಪೋರ್ಚುಗೀಸರು. ಅಜ್ಜ ಮಾತ್ರ ಇಲ್ಲ. ಆ ಹೆಸರುಗಳ ಪಟ್ಟಿ ಮಾಡಿದ ಯಂತ್ರಕ್ಕೆ ಎಲ್ಲರ ಕೈಬರಹವೂ ಓದಲು ಬರುವುದಿಲ್ಲವಂತೆ. ಹಾಗಾದರೆ ಒಂದೇ ದಾರಿ. ಬಾಲ್ಟಿಮೋರಿನ ಬಂದರಿನ ಸುತ್ತಲಿನ ಬೀದಿಗಳನ್ನು ಹಾಳೆ ಹಾಳೆಯಾಗಿ ತೆರೆದು ಕಣ್ಣಿನಿಂದಲೇ ಓದುವುದು.

ಕಂಪನಿಯ ಬಸ್ಸಿನಲ್ಲಿ ಹೋಗುವಾಗ ಬರುವಾಗ ಓದಿದೆ. ನನ್ನ ಪಕ್ಕದ ಸೀಟಿನಲ್ಲಿ ಬಸವರಾಜ ಕೂರುತ್ತಾನೆ, ಬಾಗಲಕೋಟೆ ಕಡೆಯವನು, ಇನ್‌ಸ್ಟ್ರುಮೆಂಟ್ ಟೆಕ್ನಿಶಿಯನ್. ಅವನಿಗೆ ನನ್ನ ಪಾಡು ನೋಡಿ ಕನಿಕರ. ಅವರ ಊರಿಗೆ ಹೆಳವರು ಬರುತ್ತಾರಂತೆ. ಎತ್ತು ಹೊಡೆದುಕೊಂಡು ಬಂದು, ಅಂಗಳದಲ್ಲಿ ನಿಂತು, ಆ ಮನೆತನದ ತಲೆತಲಾಂತರದ ಹೆಸರುಗಳನ್ನು ಒಂದೇ ಉಸಿರಿಗೆ ಹೇಳಿ, ಕಾಳು ಇಸಿದುಕೊಂಡು ಹೋಗುತ್ತಾರಂತೆ. ನಿಮ್ಮ ಕಡೆ ಹೆಳವರಿಲ್ಲದ್ದಕ್ಕೆ ನೀವು ಹೀಗೆ ಕಣ್ಣು ಕಳಕೊಳ್ಳುತ್ತೀರಿ ಎಂದ. ಇದ್ದರೂ ಎತ್ತು ಹತ್ತಿ ಬಾಲ್ಟಿಮೋರಿಗೆ ಹೋಗುತ್ತಿರಲಿಲ್ಲ ಎಂದೆ. ನಕ್ಕೆವು. ಹೊರಗೆ ಧೂಳು ಎದ್ದು ರಸ್ತೆಯೇ ಕಾಣುತ್ತಿರಲಿಲ್ಲ.

ಬೇರೆಯವರ ಮನೆಯೊಳಗೆ ಇಣುಕುವ ಚಟ ಕೆಟ್ಟದ್ದು. ಅಜ್ಜನನ್ನು ಹುಡುಕಲು ಹೋಗಿ ನಾನು ಊರವರ ಸಂಸಾರಗಳಲ್ಲಿ ಸಿಕ್ಕಿಹಾಕಿಕೊಂಡೆ. ಮುಪ್ಪಿನಲ್ಲೂ ಪಾತ್ರೆ ತೊಳೆಯುವ ಒಬ್ಬ ಮುದುಕ. ಮನೆ ತುಂಬ ಬಾಡಿಗೆಯವರನ್ನು ಇಟ್ಟುಕೊಂಡ ಒಬ್ಬ ವಿಧವೆ. ಕೆಲಸ ಹುಡುಕುತ್ತಿರುವವ ಎಂದು ಬರೆಸಿದ ಅವಳ ಮಗ. ಆ ಹುಡುಗನಿಗೆ ಕೆಲಸ ಸಿಕ್ಕಿತೋ ಇಲ್ಲವೋ ಎಂದು ಎರಡು ದಿನ ಕೊರಗಿದೆ. ಸಿಕ್ಕಿ, ರಿಟೈರಾಗಿ, ಸತ್ತೂ ಹೋಗಿರಬಹುದು ಎಂಬುದು ಆಮೇಲೆ ಹೊಳೆಯಿತು. ನಾನಿಲ್ಲಿ ಯಾವ ಹಾಳೆಯಲ್ಲಿ ಇದ್ದೇನೆ ಎಂದೂ ಯೋಚನೆ ಬಂತು. ಒಂದು ಸಿವಿಲ್ ಐಡಿ ಕಾರ್ಡು, ಅದರ ಹಿಂದೆ ನನಗೆ ಜಾಮೀನು ನಿಂತ ಒಬ್ಬ ಕಫೀಲ್. ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ಮುಗಿದ ದಿನ ಖಲಾಸ್, ಕಾರ್ಡು ವಾಪಸ್. ನನ್ನ ಮೊಮ್ಮಕ್ಕಳು ಮುಂದೊಂದು ದಿನ ಫಹಾಹೀಲಿನ ಈ ಬೀದಿಯನ್ನು ಹುಡುಕಿದರೆ ನಾನು ಸಿಗಲಾರೆ. ಬಹಳ ಬೇಜಾರಾಯಿತು.

ಜನಗಣತಿ ಎಂದರೆ ನನಗೆ ಹೊಸದೇನಲ್ಲ. ಎಲ್ಲ ಶಾಲಾ ಟೀಚರುಗಳಂತೆ ಅಮ್ಮನೂ ಆ ಡ್ಯೂಟಿ ಮಾಡಿದವಳು. ರಜೆಯಲ್ಲಿ ಅವಳ ಹಿಂದೆ ಬೀದಿ ಬೀದಿ ಸುತ್ತಿದ್ದು ನೆನಪಿದೆ. ಹೆಂಗಸರು ಗಂಡನ ಹೆಸರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಒಬ್ಬಳು ಕ್ಯಾಲೆಂಡರಿನ ವೆಂಕಟರಮಣನ ಕಡೆ ಬೆರಳು ತೋರಿಸಿ ತಲೆ ತಗ್ಗಿಸಿದಳು, ಅಮ್ಮ ಮಾತಿಲ್ಲದೆ ಬರೆದುಕೊಂಡಳು. ಒಂದು ಸಲ ನಮ್ಮ ಮನೆಯೂ ಅವಳ ಪಾಲಿಗೇ ಬಂತು. ಅಜ್ಜಿ ಅಕ್ಕಿ ಆರಿಸುತ್ತಿದ್ದರು. ಅಮ್ಮ ಎದುರಿಗೆ ಕೂತು, ಪರಕೀಯರನ್ನು ಕೇಳುವ ಹಾಗೆ ಹೆಸರು, ವಯಸ್ಸು ಎಲ್ಲ ಕ್ರಮವಾಗಿ ಕೇಳಿದಳು. ವೈವಾಹಿಕ ಸ್ಥಿತಿ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಅಜ್ಜಿ ಮೊರದಿಂದ ತಲೆ ಎತ್ತದೆ, ಮದುವೆಯಾಗಿದೆ ಎಂದು ಬರೆ ಎಂದರು. ಅಮ್ಮ ಬರೆದಳು.

ಅಜ್ಜ ಸಿಕ್ಕಿದ್ದು ಒಂದು ಶುಕ್ರವಾರ ಬೆಳಿಗ್ಗೆ. ಐರಿನ್ ಡ್ಯೂಟಿಗೆ ಹೋಗಿದ್ದಳು. ಅಮ್ಮ ಪೇಪರು ಹಾಸಿಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಒಂದು ಬಾಡಿಗೆ ಮನೆಯ ಸಾಲುಗಳಲ್ಲಿ, ಯಾರೋ ಇಬ್ಬರು ಪೇಂಟರುಗಳ ಕೆಳಗೆ: ಪಾಸ್ಕಲ್ ಡಿಸೋಜ, ಬಾಡಿಗೆದಾರ, ಹುಟ್ಟಿದ್ದು ಇಂಡಿಯಾ, ಹೋಟೆಲಿನಲ್ಲಿ ಅಡುಗೆಯವ. ವಯಸ್ಸೂ ಸರಿಹೊಂದಿತು. “ಅಜ್ಜ ಸಿಕ್ಕಿದ್ರು!” ಎಂದು ಕೂಗಿಬಿಟ್ಟೆ. ಅಮ್ಮ ಬೆಳ್ಳುಳ್ಳಿ ಕೈಯಲ್ಲೇ ಎದ್ದು ಬಂದಳು. ಫೋಟೋ ಕಳಿಸಿದ ಎರಡು ವರ್ಷದ ಮೇಲಿನ ಲೆಕ್ಕ ಅದು. ಅಂದರೆ ಹಡಗು ಮುಳುಗಿರಲಿಲ್ಲ. ಅವಳು ಅದನ್ನು ತಾನಾಗಿಯೇ ಹೇಳಿದಳು. ಒಬ್ಬರೇ ಇದ್ದರಾ ಎಂದು ಕೇಳಿದಳು. ಒಬ್ಬರೇ ಎಂದೆ. ಅವಳ ಮುಖ ಸ್ವಲ್ಪ ಹಗುರಾಯಿತು. ಊರಿಗೆ ಬರಲು ಹೊಂದಿಸಿಕೊಳ್ಳುತ್ತಿದ್ದರೋ ಏನೋ ಎಂದಳು.

ಅಷ್ಟರಲ್ಲಿ ನನ್ನ ಕಣ್ಣು ವಯಸ್ಸಿನ ಪಕ್ಕದ ಚೌಕಕ್ಕೆ ಹೋಯಿತು. ಮದುವೆಯ ಕಾಲಂ. ಅಲ್ಲಿ ಎರಡೇ ಅಕ್ಷರ ಬರೆದಿದ್ದರು. ಹೆಂಡತಿ ಸತ್ತವನು ಎಂದು ಅದರ ಅರ್ಥ. ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಇದರಲ್ಲಿ ಅಕ್ಷರ ಸಣ್ಣ, ಆಫೀಸಿನಲ್ಲಿ ಪ್ರಿಂಟ್ ತೆಗೆದು ತರುತ್ತೇನೆ ಎಂದೆ.

ಬಸ್ಸಿನಲ್ಲಿ ಬಸವರಾಜನಿಗೆ ಎಲ್ಲ ಹೇಳಿದೆ. ಅವನು ಸುಮ್ಮನೆ ಕೇಳಿ, ಅವರ ಮನೆಯ ಒಂದು ಸಂಗತಿ ಹೇಳಿದ. ಅವನು ಸಣ್ಣವನಿದ್ದಾಗ ಬಂದ ಹೆಳವ ಹೆಸರು ಹೇಳುತ್ತಾ ಹೇಳುತ್ತಾ ಅವನ ಅಪ್ಪನ ಮೊದಲ ಹೆಂಡತಿಯ ಹೆಸರನ್ನೂ ಹೇಳಿಬಿಟ್ಟನಂತೆ. ಅಂಥವಳೊಬ್ಬಳು ಇದ್ದಳೆಂದು ಅವನ ಅವ್ವನಿಗೆ ಗೊತ್ತಾದದ್ದೇ ಆಗ. ಅವ್ವ ಒಳಗೆ ಹೋಗಿ ಅತ್ತು, ಹೊರಗೆ ಬಂದು ಹೆಳವನಿಗೆ ಜೋಳ ಹಾಕಿದಳಂತೆ.

“ಹೆಳವ ಹೆಸರ ಬಿಟ್ಟು ಹೇಳಂಗಿಲ್ರಿ ಸರ. ಕೇಳಾಕ ಕುಂತೋರು ಪೂರಾ ಕೇಳ್ಬೇಕ, ಅಷ್ಟರಿ,” ಎಂದ.

ಒಳ್ಳೆಯ ಮಾತು. ನಾನು ಕೇಳಲಿಲ್ಲ. ಆಫೀಸಿಗೆ ಹೋಗಿ, ಇಪ್ಪತ್ತು ವರ್ಷದ ಕಸುಬನ್ನೆಲ್ಲ ಬಳಸಿ, ಅಜ್ಜನ ಸಾಲನ್ನು ಕತ್ತರಿಸಿದೆ. ಹೆಸರಿನಿಂದ ವಯಸ್ಸಿನವರೆಗೆ ಒಂದು ತುಂಡು, ಹುಟ್ಟಿದ ದೇಶದಿಂದ ಕೆಲಸದವರೆಗೆ ಇನ್ನೊಂದು ತುಂಡು. ಎರಡನ್ನೂ ಜೋಡಿಸಿದೆ. ಗೆರೆಗೆ ಗೆರೆ ಕೂಡಿತು. ನಮ್ಮ ಎಂಜಿನಿಯರುಗಳು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ದಪ್ಪ ಕಾಗದದ ಮೇಲೆ ಪ್ರಿಂಟ್ ತೆಗೆದು, ಲ್ಯಾಮಿನೇಟ್ ಮಾಡಿಸಿ, ಅಮ್ಮನ ಕೈಗೆ ಕೊಟ್ಟೆ.

ಅಮ್ಮ ಕನ್ನಡಕ ಹಾಕಿಕೊಂಡಳು. ಬೆರಳು ಇಟ್ಟು ಹೆಸರನ್ನು ಓದಿದಳು, ಅದರ ಮೇಲೊಮ್ಮೆ ಕೈಯಾಡಿಸಿದಳು. ಬೆರಳು ಮುಂದೆ ಹೋಯಿತು. ವಯಸ್ಸಿನ ಹತ್ತಿರ ನಿಂತಿತು. ಮುಂದಕ್ಕೆ ಹೋಗಿ ಮತ್ತೆ ಹಿಂದಕ್ಕೆ ಬಂತು.

“ಮದುವೆ ಕಾಲಂ ಎಲ್ಲುಂಟು?”

ಅಲ್ಲಿನವರು ಅದನ್ನೆಲ್ಲ ಕೇಳುವುದಿಲ್ಲ ಎಂದೆ. ಬಾಯಿಗೆ ಬಂದದ್ದು ಅದೊಂದೇ.

“ವಯಸ್ಸು ಆದ್ಮೇಲೆ ಮದುವೆ. ಅದನ್ನು ಬರೆಯದೆ ಮುಂದೆ ಹೋಗ್ಲಿಕ್ಕೆ ಇಲ್ಲ. ಎಷ್ಟು ಮನೆ ಬರೆದಿದ್ದೇನೆ ನಾನು. ಪೂರ್ತಿ ಹಾಳೆ ತೋರಿಸು.”

ಕಮ್ಮಾರರ ಕೇರಿಯಲ್ಲಿ ಸೂಜಿ ಮಾರಲು ಹೋದವನು ನಾನು. ಅವಳ ಹಿಂದೆ ಬೀದಿ ಸುತ್ತಿದವನಿಗೆ, ಅಜ್ಜಿಯ ಮುಂದೆ ಆ ಪೆನ್ನು ನಿಂತದ್ದನ್ನು ನೋಡಿದವನಿಗೆ, ಇಷ್ಟೂ ಹೊಳೆಯಲಿಲ್ಲವೆಂದರೆ ಏನು ಹೇಳುವುದು. ನಾಚಿಕೆಯಿಂದ ಲ್ಯಾಪ್‌ಟಾಪ್ ತೆಗೆದೆ. ಪೂರ್ತಿ ಹಾಳೆ ಅದರಲ್ಲಿತ್ತು. ಅವಳ ಮುಂದೆ ಇಟ್ಟು ಸಾಲನ್ನು ದೊಡ್ಡದು ಮಾಡಿದೆ. ಆ ಎರಡು ಅಕ್ಷರದ ಅರ್ಥವನ್ನು ನಾನೇ ಹೇಳಿದೆ. ಬೇರೆ ಯಾರಿಂದಾದರೂ ಅದನ್ನು ಹೇಳಿಸಲು ಸಾಧ್ಯವಿದ್ದಿದ್ದರೆ ಹೇಳಿಸುತ್ತಿದ್ದೆ.

ಅಮ್ಮ ಅಳಲಿಲ್ಲ. ಆ ಲೆಕ್ಕ ಬರೆದ ದಿನ ಅಜ್ಜಿಗೆ ಮೂವತ್ತೂ ಆಗಿರಲಿಲ್ಲ, ಗಟ್ಟಿಮುಟ್ಟಾಗಿ ಗದ್ದೆಯಲ್ಲಿ ನೇಜಿ ನೆಡುತ್ತಿದ್ದರು. ಇದನ್ನು ಅವಳೂ ಯೋಚಿಸುತ್ತಿದ್ದಳು, ನಾನೂ. ನಾನು ತಡೆಯಲಾರದೆ, ಅಜ್ಜ ಕೆಲಸಕ್ಕೆ ಹೋಗಿದ್ದಾಗ ಮನೆಯ ಯಜಮಾನಿ ಹೇಳಿ ಬರೆಸಿರಬಹುದು, ಬಾಡಿಗೆಯವರ ವಿಷಯ ಅವಳಿಗೇನು ಗೊತ್ತು ಎಂದೆ. ಬೀಗ ಹಾಕಿದ ಮನೆಗೆ ನಾವೂ ಪಕ್ಕದವರನ್ನು ಕೇಳಿ ಬರೆದದ್ದುಂಟು ಎಂದು ಅಮ್ಮ ಒಪ್ಪಿದಳು. ಆದರೆ ಆ ಯಜಮಾನಿಗೆ ಹಾಗೆ ಹೇಳಿದವರು ಯಾರು ಎಂದು ಕೇಳಿದಳು.

ಅವಳು ಹಾಳೆಯನ್ನು ಎಡದಿಂದ ಬಲಕ್ಕೆ, ಕೊನೆಯ ಗೆರೆಯವರೆಗೆ ನೋಡಿದಳು. ಮಕ್ಕಳೆಷ್ಟು ಎಂದು ಕೇಳುವ ಕಾಲಂ ಎಲ್ಲಿ ಎಂದಳು. ಅದು ಕೆಳಗಿದೆ, ಕೆಲವು ಹೆಂಗಸರನ್ನು ಮಾತ್ರ ಕೇಳಿದ್ದಾರೆ ಎಂದೆ.

“ನಮ್ಮ ಹಾಳೆಯಲ್ಲೂ ಹಾಗೆಯೇ. ನಾನೂ ಯಾವ ಗಂಡಸಿನ ಹತ್ರವೂ ಕೇಳ್ಲಿಲ್ಲ.”

ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಮತ್ತೆ ಹಾಕಿಕೊಳ್ಳಲಿಲ್ಲ. ಎಂಬತ್ತು ದಾಟಿದ ನನ್ನ ಅಮ್ಮನ ಮುಖದಲ್ಲಿ ನಾನು ಯಾವತ್ತೂ ನೋಡದ ಒಂದು ಚಿಕ್ಕ ಹುಡುಗಿಯ ಹಟ ಕಂಡಿತು.

“ಕೇಳಿದ್ರೆ ಹೇಳ್ತಿದ್ರು,” ಎಂದಳು. “ಒಬ್ಬಳು ಮಗಳಿದ್ದಾಳೆ ಅಂತ ಹೇಳ್ತಿದ್ರು. ಯಾರೂ ಕೇಳ್ಲಿಲ್ಲ ಅಷ್ಟೇ. ಶುಕ್ರವಾರ ಪೂಜೆಗೆ ಹೆಸರು ಕೊಟ್ಟು ಬಾ.”